ಹೋಟೆಲಿನ ಗೋಡೆಯ ಮೇಲೆ ಊರು

(ದೊಡ್ಡಬಳ್ಳಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಆಹ್ವಾನ ಪತ್ರಿಕೆಯಲ್ಲಿ ‘ಕೆರಿಬಿಯನ್ ಹೋಟೆಲುಗಳು ಮತ್ತು ನಮ್ಮ ಕಲೆ’ ಎಂದು ಅಚ್ಚಾಗಿರುವುದನ್ನು ಕಂಡು ಕೆಲವರು ಅಚ್ಚಿನ ಮನೆಯವರು ಏನೋ ಎಡವಟ್ಟು ಮಾಡಿದ್ದಾರೆ ಅಂದುಕೊಂಡರಂತೆ. ಇಲ್ಲ, ವಿಷಯ ಅದೇ. ಮಗ್ಗದ ಸದ್ದಿನ ಊರಿನಲ್ಲಿ ನಿಂತು ಏಳು ಸಮುದ್ರದಾಚೆಯ ದ್ವೀಪಗಳ ಮಾತೇಕೆ ಎಂದು ಕೇಳುವವರಿಗೆ ಉತ್ತರ ದೂರವೇನೂ ಇಲ್ಲ. ಪಕ್ಕದ ತಾಲ್ಲೂಕಿನಲ್ಲಿ ವಿಮಾನ ಇಳಿಯುತ್ತದೆ. ವಿಮಾನ ಇಳಿಯುವ ಕಡೆ ಹೋಟೆಲುಗಳು ಏಳುತ್ತವೆ. ಹೋಟೆಲು ಎದ್ದ ಮೇಲೆ ಅದರ ಗೋಡೆಗೆ ಏನನ್ನಾದರೂ ತೂಗುಹಾಕಲೇಬೇಕಾಗುತ್ತದೆ. ಏನನ್ನು, ಯಾರದನ್ನು, ಯಾರಿಗಾಗಿ ಎಂಬ ಪ್ರಶ್ನೆಗಳನ್ನು ನಮಗಿಂತ ಬಹಳ ಮೊದಲೇ ಎದುರಿಸಿದವರು ಆ ದ್ವೀಪಗಳ ಜನ.

ನಮ್ಮಲ್ಲಿ ಬಹಳ ಮಂದಿಗೆ ಆ ಸೀಮೆ ಗೊತ್ತಿರುವುದು ಕ್ರಿಕೆಟ್ಟಿನಿಂದ. 1974ರ ನವೆಂಬರಿನಲ್ಲಿ ಈಗಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊತ್ತಮೊದಲ ಟೆಸ್ಟ್ ವೆಸ್ಟ್ ಇಂಡೀಸ್ ವಿರುದ್ಧವೇ. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಅಂತರರಾಷ್ಟ್ರೀಯ ಆಟಕ್ಕೆ ಕಾಲಿಟ್ಟಿದ್ದು ಆ ಪಂದ್ಯದಲ್ಲಿ. ನಮ್ಮ ಬಿ.ಎಸ್. ಚಂದ್ರಶೇಖರ್ ರಿಚರ್ಡ್ಸ್ ಅವರನ್ನು ಒಂದು ಇನಿಂಗ್ಸಿನಲ್ಲಿ 4ಕ್ಕೆ, ಇನ್ನೊಂದರಲ್ಲಿ 3ಕ್ಕೆ ಮನೆಗೆ ಕಳಿಸಿದ್ದನ್ನು ರೇಡಿಯೋದಲ್ಲಿ ಕೇಳಿದವರು ಇಲ್ಲಿ ಇದ್ದೀರಿ ಎಂದು ತಲೆಗಳ ಬಣ್ಣ ನೋಡಿಯೇ ಹೇಳಬಲ್ಲೆ. ಚಿಕ್ಕವರಿಗೆ ಕ್ರಿಸ್ ಗೇಲ್ ಸಾಕು. ಆದರೆ ಆ ದ್ವೀಪಗಳಲ್ಲಿ ಚಿತ್ರ ಬರೆಯುವವರೂ ಇದ್ದಾರೆ. ಕವಿ ಡೆರೆಕ್ ವಾಲ್ಕಾಟ್ ಅವರಿಗೆ 1992ರಲ್ಲಿ ನೊಬೆಲ್ ಬಂದದ್ದು ನಮಗೆ ಗೊತ್ತು. ಅವರು ಜೀವನವಿಡೀ ಜಲವರ್ಣ ಚಿತ್ರಗಳನ್ನು ಬರೆದವರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಬಹಾಮಾಸ್ ದೇಶದಿಂದ ಆರಂಭಿಸುತ್ತೇನೆ. ಭೂಗೋಳದ ಮೇಷ್ಟ್ರುಗಳು ಕೈ ಎತ್ತುವ ಮೊದಲೇ ಹೇಳಿಬಿಡುತ್ತೇನೆ, ಅದು ಇರುವುದು ಅಟ್ಲಾಂಟಿಕ್ ಸಾಗರದಲ್ಲಿ. ಆದರೂ ಚರಿತ್ರೆ, ರಾಜಕೀಯಗಳ ದೆಸೆಯಿಂದ ಅದನ್ನು ಕೆರಿಬಿಯನ್ ಬಳಗಕ್ಕೇ ಸೇರಿಸುವುದು ರೂಢಿ. ಅಲ್ಲಿನ ಜನಸಂಖ್ಯೆ ಸುಮಾರು 4 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯದು 9.9 ಲಕ್ಷ. ನಾಲ್ಕು ತಾಲ್ಲೂಕಿನ ನಾವೇ ಆ ದೇಶದ ಎರಡರಷ್ಟಕ್ಕಿಂತ ಹೆಚ್ಚಿದ್ದೇವೆ. ಅವರು ಸ್ವತಂತ್ರರಾದದ್ದು 1973ರಲ್ಲಿ. ರಾಷ್ಟ್ರೀಯ ಕಲಾ ಗ್ಯಾಲರಿಯ ಬಾಗಿಲು ತೆರೆದದ್ದು 2003ರಲ್ಲಿ. ನಡುವಿನ ಮೂವತ್ತು ವರ್ಷ ಚಿತ್ರಕಾರರು ಕಾಯುತ್ತಾ ಕೂರಲಿಲ್ಲ. ಆದರೆ ದೇಶಕ್ಕೆ ಅನ್ನ ಕೊಡುತ್ತಿದ್ದುದು ಪ್ರವಾಸೋದ್ಯಮ, ಚಿತ್ರ ಕೊಳ್ಳುತ್ತಿದ್ದವರು ಹೆಚ್ಚಾಗಿ ಹೊರಗಿನಿಂದ ಬಂದವರು.

ಬಹಾಮಾಸಿನಲ್ಲಾಗಲಿ ಉಳಿದ ದ್ವೀಪಗಳಲ್ಲಾಗಲಿ ಬಂದವರು ಕೇಳುತ್ತಿದ್ದುದೇನು? ತೆಂಗಿನ ಮರ, ನೀಲಿ ನೀರು, ಒಂದು ದೋಣಿ, ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು ನಗುವ ಹೆಂಗಸು. ಈ ಚಿತ್ರಗಳಲ್ಲಿ ಯಾರೂ ಬೆವರುವುದಿಲ್ಲ. ಕಬ್ಬಿನ ಗದ್ದೆ ಇಲ್ಲ, ಗುಲಾಮರಿಲ್ಲ. ಗುಲಾಮಗಿರಿ ರದ್ದಾದ ಮೇಲೆ ಅದೇ ಗದ್ದೆಗಳಿಗೆಂದು ಕಲ್ಕತ್ತೆಯಿಂದ, ಮದರಾಸಿನಿಂದ ಹಡಗು ಹತ್ತಿಸಿ ಒಯ್ದ ನಮ್ಮ ದೇಶದ ಕೂಲಿಗಳೂ ಇಲ್ಲ. ಟ್ರಿನಿಡಾಡಿಗೆ ಅಂಥ ಮೊದಲ ಹಡಗು ಫತೇಲ್ ರಜಾಕ್ ತಲುಪಿದ್ದು 1845ರ ಮೇ 30ರಂದು. ಇಂದಿಗೂ ಆ ದಿನ ಅಲ್ಲಿ ಸಾರ್ವತ್ರಿಕ ರಜೆ. ಹೋಟೆಲಿನ ಕೋಣೆಯ ಚಿತ್ರದಲ್ಲಿ ಮಾತ್ರ ಆ ಹಡಗು ಎಂದೂ ಕಾಣಿಸುತ್ತಿರಲಿಲ್ಲ. ರಜೆ ಕಳೆಯಲು ಬಂದವನ ಕಣ್ಣಿಗೆ ಅದು ಬೀಳಬಾರದಲ್ಲ.

2017ರಲ್ಲಿ ಬಹಾಮಾಸಿನ ರಾಜಧಾನಿ ನಸ್ಸೌ ಬಳಿಯ ಕಡಲತೀರದಲ್ಲಿ ಬಹಾ ಮಾರ್ ಎಂಬ ಭಾರಿ ಹೋಟೆಲು ಸಮುಚ್ಚಯ ತೆರೆಯಿತು. ಎರಡು ಸಾವಿರಕ್ಕೂ ಹೆಚ್ಚು ಕೋಣೆಗಳು, ಜೂಜಿನ ಕಟ್ಟೆ, ಗಾಲ್ಫ್ ಮೈದಾನ. ನಡುವೆ ದಿವಾಳಿಯೆದ್ದು, ಕೈ ಬದಲಾಗಿ, ಕೊನೆಗೆ ಪೂರ್ತಿಯಾದ ಕಟ್ಟಡ ಅದು. ಅದರ ಒಡೆತನದ ಕತೆ ನಮಗೆ ಬೇಡ. ಅಲ್ಲಿನವರು ಮಾಡಿದ ಒಂದು ಕೆಲಸ ಬೇಕು. ಗೋಡೆ ತುಂಬಿಸುವ ಹೊಣೆಯನ್ನು ದೂರದ ಅಲಂಕಾರದ ಕಂಪನಿಗೆ ವಹಿಸಿ ಕೈ ತೊಳೆದುಕೊಳ್ಳದೆ, ಆ ದೇಶದ್ದೇ ಕಲಾವಿದ ಜಾನ್ ಕಾಕ್ಸ್ ಅವರ ಕೈಗೆ ಕೊಟ್ಟರು. ಅವರು ಹಿಂದೆ ರಾಷ್ಟ್ರೀಯ ಗ್ಯಾಲರಿಯಲ್ಲಿ ಕೆಲಸ ಮಾಡಿದವರು. ಹೋಟೆಲಿನ ಒಳಗೇ ‘ದಿ ಕರೆಂಟ್’ ಎಂಬ ಗ್ಯಾಲರಿ, ಪಕ್ಕದಲ್ಲಿ ಕೆಲಸ ಮಾಡುವ ಸ್ಟುಡಿಯೋ. ಬಹಾಮಾಸಿನ ಬದುಕಿರುವ ಕಲಾವಿದರ ಕೃತಿಗಳು ಕಾರಿಡಾರುಗಳಲ್ಲೂ ಲಾಬಿಗಳಲ್ಲೂ ತೂಗಿದವು, ಮಾರಾಟಕ್ಕೂ ಸಿಕ್ಕವು. ಈಜುಕೊಳದಿಂದ ಎದ್ದು ಬಂದ ಅತಿಥಿ ಒದ್ದೆ ಕಾಲಿನಲ್ಲೇ ಸಮಕಾಲೀನ ಕಲೆಯ ಎದುರು ನಿಲ್ಲುವಂತಾಯಿತು.

ಇದನ್ನು ನಾನು ಬಾಯ್ತುಂಬ ಹೊಗಳುವುದಿಲ್ಲ. ಹೋಟೆಲಿನೊಳಗಿನ ಗ್ಯಾಲರಿ ಹೋಟೆಲಿನ ಲೆಕ್ಕದ ಪುಸ್ತಕದಲ್ಲೇ ಬದುಕಬೇಕು. ಕೋಣೆಗೆ ಮುನ್ನೂರು ಡಾಲರು ಕೊಟ್ಟವನ ಬೆಳಗಿನ ಕಾಫಿಯನ್ನು ಕಹಿ ಮಾಡುವ ಚಿತ್ರವನ್ನು ಯಾವ ಮ್ಯಾನೇಜರೂ ಇಷ್ಟಪಟ್ಟು ತೂಗುಹಾಕುವುದಿಲ್ಲ. ಆದರೂ ಯಾರ ಚಿತ್ರ ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಆ ಮಣ್ಣಿನವರೇ ಒಬ್ಬರು ಕೂತರೆ ಗೋಡೆಯ ಮೇಲಿನದು ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಕಾಫಿ ಕಹಿ ಮಾಡುವ ಕೆಲಸ ಎಂದೆನಲ್ಲ, ಅದಕ್ಕೊಂದು ಉದಾಹರಣೆ. ಬಾರ್ಬಡೋಸ್ ದ್ವೀಪದಲ್ಲಿ ಅನಲೀ ಡೇವಿಸ್ ಎಂಬ ಕಲಾವಿದೆ ಇದ್ದಾರೆ. ಅವರ ಸ್ಟುಡಿಯೋ ಇರುವ ಜಾಗ ಹಿಂದೆ ಕಬ್ಬಿನ ಪ್ಲಾಂಟೇಷನ್, ಆಮೇಲೆ ಹಾಲಿನ ಡೇರಿ. 2011ರಲ್ಲಿ ಅಲ್ಲೇ ಕಿರಿಯ ಕಲಾವಿದರಿಗೆಂದು ‘ಫ್ರೆಶ್ ಮಿಲ್ಕ್’ ಎಂಬ ತಾಣ ಕಟ್ಟಿದರು. ಆ ತೋಟದ ಹಳೆಯ ಲೆಕ್ಕದ ಪುಸ್ತಕಗಳ ಹಾಳೆಗಳಿದ್ದವು. ಗೆರೆ ಎಳೆದ, ಕಾಲಂ ಹಾಕಿದ ಹಾಳೆಗಳು. ಅವುಗಳ ಮೇಲೆಯೇ ಡೇವಿಸ್ ಕಾಡುಗಿಡಗಳನ್ನು ಬರೆದರು, ಕಬ್ಬು ಬಿಟ್ಟ ನೆಲದಲ್ಲಿ ತಾವಾಗಿಯೇ ಮತ್ತೆ ಹುಟ್ಟಿದ ಗಿಡಗಳನ್ನು. ಜಮಾಖರ್ಚಿನ ಕಾಲಮ್ಮಿನ ಮೇಲೆ ಬೇರು, ಎಲೆ, ಹೂವು. ನೋಡಲು ಅಂದವಾದ ಚಿತ್ರ. ಅದು ಯಾವ ಹಾಳೆ ಎಂದು ತಿಳಿದ ಮೇಲೆ ನೋಡಿದರೆ ಇನ್ನೂರು ವರ್ಷದ ದುಡಿಮೆ, ಜೀವಹಾನಿ ಎಲ್ಲ ಅದರಡಿ ಇದೆ.

ಇದನ್ನು ಕೇಳುವಾಗ ನಿಮಗೆ ಪಹಣಿ ನೆನಪಾಗಲಿಲ್ಲವೆ? ದೇವನಹಳ್ಳಿ ತಾಲ್ಲೂಕಿನ ಒಂದು ಪಹಣಿಯ ಹಾಳೆ, ಅದರ ಮೇಲೆ ರಾಗಿ ತೆನೆಯನ್ನೋ ಚಕ್ಕೋತವನ್ನೋ ಯಾರಾದರೂ ಬರೆದರೆ ಆ ಚಿತ್ರ ಏನೇನು ಹೇಳೀತು. ವಿಮಾನ ನಿಲ್ದಾಣಕ್ಕೆ ಹೋದದ್ದು ಸುಮಾರು 4,000 ಎಕರೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಕೇಳಿದಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಡುವುದಾಗಿ ಹೇಳಿತು. ಇಷ್ಟು ದೊಡ್ಡ ಸಂಗತಿ ನಮ್ಮ ಕಣ್ಣೆದುರೇ ನಡೆದಿದೆ. ಹೋಟೆಲು ಅದನ್ನು ತೂಗುಹಾಕುತ್ತದೋ ಇಲ್ಲವೋ ಆಮೇಲಿನ ಮಾತು, ಮೊದಲು ನಮ್ಮವರು ಅದನ್ನು ಬರೆಯಬೇಕು.

ಹೋಟೆಲಲ್ಲದಿದ್ದರೂ ಬಾರೊಂದರ ಬಾಗಿಲು ಕಲಾವಿದನನ್ನು ಹುಟ್ಟಿಸಿದ ಕತೆಯೂ ಒಂದಿದೆ. ಹೈಟಿಯಲ್ಲಿ 1944ರಲ್ಲಿ ಡೆವಿಟ್ ಪೀಟರ್ಸ್ ಎಂಬ ಅಮೆರಿಕನ್ ಮೇಷ್ಟ್ರು ‘ಸಾಂತ್ರ್ ದಾರ್’ ಎಂಬ ಕಲಾಕೇಂದ್ರ ತೆರೆದರು. ಅದಕ್ಕೂ ಮೊದಲು ಮೋಂರೂಯಿ ಎಂಬ ಊರಿನ ರಸ್ತೆಬದಿಯ ಬಾರೊಂದರ ಬಾಗಿಲ ಮೇಲೆ ಹೂವು, ಹಕ್ಕಿ ಬರೆದಿದ್ದನ್ನು ಅವರು ಕಂಡಿದ್ದರು. ಅದು ಎಕ್ತೋರ್ ಇಪೊಲಿತ್ ಅವರ ಕೆಲಸ. ಊರಿನ ವೂಡೂ ಪೂಜಾರಿ, ಮನೆಗೆ ಬಣ್ಣ ಬಳಿಯುವ ಕಸುಬು, ಕೋಳಿ ಪುಕ್ಕವನ್ನೂ ಕುಂಚವಾಗಿ ಬಳಸುತ್ತಿದ್ದವರು. 1945ರಲ್ಲಿ ಫ್ರೆಂಚ್ ಕವಿ ಆಂದ್ರೆ ಬ್ರೆತೋಂ ಹೈಟಿಗೆ ಬಂದು ಇಪೊಲಿತ್ ಅವರ ಚಿತ್ರಗಳನ್ನು ಕೊಂಡರು. ಮೂರು ವರ್ಷದಲ್ಲಿ ಇಪೊಲಿತ್ ತೀರಿಕೊಂಡರು, 1948ರಲ್ಲಿ. ಅಷ್ಟರಲ್ಲಿ ಹೆಸರು ಪ್ಯಾರಿಸಿಗೆ ಮುಟ್ಟಿತ್ತು. ಎಲ್ಲ ಶುರುವಾದದ್ದು ಒಂದು ಬಾರಿನ ಬಾಗಿಲಿನಿಂದ.

ನಮ್ಮ ಕಡೆಯ ಹೋಟೆಲುಗಳ ಗೋಡೆ ಬೋಳಾಗಿತ್ತೆ? ಖಂಡಿತ ಇಲ್ಲ. ಗಲ್ಲಾದ ಮೇಲೆ ಲಕ್ಷ್ಮಿ, ಗಣಪತಿ, ಎದುರು ಗೋಡೆಗೆ ಕ್ಯಾಲೆಂಡರು. ರವಿವರ್ಮರ ಅಚ್ಚುಚಿತ್ರಗಳ ಕಾಲ ಮುಗಿಯುವ ಹೊತ್ತಿಗೆ ಕಲಬುರಗಿಯ ಎಸ್.ಎಂ. ಪಂಡಿತ್ ಬಂದರು. ಅವರ ಪೌರಾಣಿಕ ಚಿತ್ರಗಳ ಕ್ಯಾಲೆಂಡರುಗಳು ಹೋಟೆಲು, ಕ್ಷೌರದಂಗಡಿ, ದಿನಸಿ ಅಂಗಡಿಗಳಲ್ಲಿ ದೇಶದುದ್ದಕ್ಕೂ ತೂಗಿದವು. ಒಂದು ಕಾಫಿಯ ದುಡ್ಡಿಗೆ ಪಂಡಿತರ ಭೀಷ್ಮನನ್ನೋ ಶಕುಂತಲೆಯನ್ನೋ ಎದುರಿಗಿಟ್ಟುಕೊಂಡು ಅರ್ಧ ಗಂಟೆ ಕೂರಬಹುದಿತ್ತು. 1943ರಲ್ಲಿ ಗಾಂಧಿ ಬಜಾರಿನಲ್ಲಿ ಶುರುವಾದ ವಿದ್ಯಾರ್ಥಿ ಭವನದ ಗೋಡೆಯಲ್ಲಿ ನಾಡಿನ ಹಿರಿಯರ ರೇಖಾಚಿತ್ರಗಳಿವೆ, ದೋಸೆಗೆ ಕಾಯುವವರಿಗೆ ಅವರೇ ಜೊತೆ. ಇಲ್ಲಿ ನೋಡುವವನೂ ಊರಿನವನೇ, ಚಿತ್ರದೊಳಗಿನವರೂ ಅವನಿಗೆ ಪರಿಚಿತರೇ.

ನಕ್ಷತ್ರದ ಹೋಟೆಲುಗಳ ದಾರಿ ಬೇರೆ. 1970ರ ದಶಕದಲ್ಲಿ ಮುಂಬಯಿಯ ತಾಜ್ ಹೋಟೆಲು ಹೊಸ ಟವರ್ ಕಟ್ಟಿದ ಕಾಲದಲ್ಲಿ ಅಂದಿನ ಕಲಾವಿದರ ಚಿತ್ರಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂಡಿತು. ಹುಸೇನ್, ಗಾಯ್ತೊಂಡೆಯವರ ಬೆಲೆ ಆಗ ಈಗಿನಂತಿರಲಿಲ್ಲ. ದೆಹಲಿಯ ಮೌರ್ಯ ಹೋಟೆಲಿನ ಲಾಬಿಯ ಗುಮ್ಮಟದ ಒಳಮೈಗೆ ಕೃಷನ್ ಖನ್ನಾ 1980ರ ದಶಕದ ಮೊದಲರ್ಧದಲ್ಲಿ ಒಂದು ಮಹಾ ಮೆರವಣಿಗೆಯನ್ನೇ ಬರೆದರು. ಅದರಲ್ಲಿ ಚಹಾದಂಗಡಿಯವರು, ದಾರಿಹೋಕರು, ಬೀದಿಯ ಜನ ತುಂಬಿದ್ದಾರೆ. ಅಂಥ ಜನ ಹೋಟೆಲಿನ ಗುಮ್ಮಟದಲ್ಲಿರಬಹುದು, ಬಾಗಿಲಲ್ಲಿ ಬಂದು ನಿಂತರೆ ಒಳಗೆ ಬಿಡುತ್ತಿದ್ದರೋ ಇಲ್ಲವೋ! ಏರ್ ಇಂಡಿಯಾ ಕೂಡ ಇದೇ ದಾರಿ ಹಿಡಿದಿತ್ತು. 1950ರ ದಶಕದಲ್ಲಿ ಬಿ. ಪ್ರಭಾ ಅವರ ಚಿತ್ರಗಳಿಂದ ಶುರುಮಾಡಿ, ಲೋಕದೆಲ್ಲೆಡೆಯ ಬುಕಿಂಗ್ ಆಫೀಸುಗಳಿಗೆಂದು ಸಾವಿರಾರು ಕೃತಿಗಳನ್ನು ಕೂಡಿಹಾಕಿತು. ಅವುಗಳ ಪಟ್ಟಿಯನ್ನು ಸರಿಯಾಗಿ ಇಡದ ಫಲವಾಗಿ ಜತಿನ್ ದಾಸ್ ಅವರ ‘ಹಾರುವ ಅಪ್ಸರೆ’ ಕಾಣೆಯಾಗಿ 2017ರಲ್ಲಿ ದೊಡ್ಡ ಸುದ್ದಿಯಾಯಿತು. ವಿಮಾನ ಸಂಸ್ಥೆ ಖಾಸಗಿಯಾದ ಮೇಲೆ ಸಂಗ್ರಹ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಪಾಲಾಯಿತು. ಚಿತ್ರ ಕೊಳ್ಳುವುದು ಸುಲಭ, ಅದರ ಲೆಕ್ಕ ಇಡುವುದು ಕಷ್ಟ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಇದಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿದೆ. ನನ್ನ ಬಾಯಿಗೆ ಗ್ರಾಮಾಂತರವೇ ರೂಢಿ, ಕ್ಷಮಿಸಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. 2015ರಲ್ಲಿ ಅದರ ಆವರಣದಲ್ಲೇ ತಾಜ್ ಬಂತು. ನಂದಿಬೆಟ್ಟದ ದಿಕ್ಕಿಗೆ ಗಾಲ್ಫ್ ಮೈದಾನದ ಪಕ್ಕ 2022ರಲ್ಲಿ ಜೆ.ಡಬ್ಲ್ಯು. ಮ್ಯಾರಿಯಟ್ ಬಂತು. ಇನ್ನೂ ಬರುತ್ತಿವೆ. ನಿಲ್ದಾಣದ ಎರಡನೆಯ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ಬಿದಿರು ಹೊದಿಸಿದ ಚಾವಣಿ, ತೂಗುವ ತೋಟಗಳು, ನವರಸದ ಎಳೆ ಹಿಡಿದು ಹೊಂದಿಸಿದ ಕಲಾಕೃತಿಗಳು. ಒಳಾಂಗಣಕ್ಕೆ 2023ರಲ್ಲಿ ಪ್ರಿ ವರ್ಸಾಯ್ ಎಂಬ ಅಂತರರಾಷ್ಟ್ರೀಯ ವಿಶೇಷ ಬಹುಮಾನವೂ ಬಂತು. ಚೆನ್ನಾಗಿದೆ, ಒಪ್ಪುತ್ತೇನೆ. ನೋಡಬೇಕಾದರೆ ಟಿಕೆಟ್ಟು ಬೇಕು. ಅದರ ಬೇಲಿಗೆ ತಾಗಿದ ಹಳ್ಳಿಯ ಶಾಲೆಯ ಹುಡುಗಿ ಅದನ್ನು ನೋಡಬೇಕಾದರೆ ಎಲ್ಲಿಗಾದರೂ ಹಾರಬೇಕು. ಇಲ್ಲದಿದ್ದರೆ ಬಸ್ಸು ಹತ್ತಿ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಗೆ, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯ ಗ್ಯಾಲರಿಗೆ ಹೋಗಬೇಕು.

ಹೋಟೆಲುಗಳ ಸಂಗತಿ ಇನ್ನೂ ಸೂಕ್ಷ್ಮ. ಒಂದು ಹೋಟೆಲಿನಲ್ಲಿ, ಯಾವುದೆಂದು ಹೇಳಲಾರೆ, ಮದುವೆಯ ಆರತಕ್ಷತೆಗೆ ಹೋಗಿದ್ದೆ. ಲಾಬಿಯ ದೊಡ್ಡ ಗೋಡೆಯಲ್ಲಿ ಆಳೆತ್ತರದ ಕೃತಿ, ರೇಷ್ಮೆ ನೂಲಿನ ಲಡಿಗಳನ್ನು ಹೆಣೆದು ಮಾಡಿದ್ದು. ಸೊಗಸಾಗಿತ್ತು. ಯಾರು ಮಾಡಿದ್ದು ಎಂದು ಹುಡುಕಿದೆ. ಹೆಸರಿನ ಫಲಕವಿಲ್ಲ. ಕೌಂಟರಿನ ಹುಡುಗ ಬಹಳ ವಿನಯದಿಂದ ‘ಸರ್, ಅದು ಇಂಟೀರಿಯರ್‌ನವರು ಹಾಕಿದ್ದು’ ಅಂದ. ಅವನ ತಪ್ಪೇನೂ ಇಲ್ಲ. ಅಲಂಕಾರದ ಗುತ್ತಿಗೆಯಲ್ಲಿ ಕುರ್ಚಿ, ದೀಪ, ಪರದೆ, ಚಿತ್ರ ಎಲ್ಲ ಒಂದೇ ಬಿಲ್ಲಿನ ಸಾಲುಗಳು. ಆ ನೂಲು ಪಕ್ಕದ ತಾಲ್ಲೂಕಿನ ವಿಜಯಪುರದ ರೇಷ್ಮೆಯೋ, ನೇಯ್ದದ್ದು ಇದೇ ದೊಡ್ಡಬಳ್ಳಾಪುರದ ಕೈಗಳೋ ತಿಳಿಯುವ ದಾರಿಯೇ ಇರಲಿಲ್ಲ. ಈ ಊರಿನ ನೇಕಾರರ ಮನೆಯಲ್ಲಿ ಹುಟ್ಟಿದ ಡಿ.ಆರ್. ನಾಗರಾಜ್, ಕುಶಲಕರ್ಮಿಗಳ ತಿಳಿವಳಿಕೆಯನ್ನು ಆಧುನಿಕತೆ ಹೇಗೆ ಅಳಿಸಿಹಾಕುತ್ತದೆ ಎಂಬ ಬಗ್ಗೆ ಗಾಢವಾಗಿ ಯೋಚಿಸಿದವರು. ಆ ಹೋಟೆಲಿನ ಗೋಡೆಯಲ್ಲಿ ಕೈ ಉಳಿದಿತ್ತು, ಹೆಸರು ಅಳಿದಿತ್ತು. ಅವರು ಇದ್ದಿದ್ದರೆ ಆ ಲಾಬಿಯಲ್ಲಿ ನಿಂತು ಏನು ಹೇಳುತ್ತಿದ್ದರೋ.

ನಮ್ಮ ಜಿಲ್ಲೆಗೆ ಚಿತ್ರಕಾರರ ಕೊರತೆಯೂ ಇಲ್ಲ. ರುಮಾಲೆ ಚನ್ನಬಸವಯ್ಯನವರು 1910ರಲ್ಲಿ ಹುಟ್ಟಿದ್ದು ಇದೇ ದೊಡ್ಡಬಳ್ಳಾಪುರದಲ್ಲಿ. ಸ್ವಾತಂತ್ರ್ಯ ಹೋರಾಟಗಾರರು, ಸೇವಾದಳದ ಮುಂದಾಳು, ‘ತಾಯಿನಾಡು’ ಪತ್ರಿಕೆಯ ಸಂಪಾದಕರು, ವಿಧಾನ ಪರಿಷತ್ತಿನ ಸದಸ್ಯರು. ಇಷ್ಟೆಲ್ಲ ಆದ ಮೇಲೆ ರಾಜಕೀಯ ಸಾಕೆನ್ನಿಸಿ, ಅರವತ್ತರ ದಶಕದಲ್ಲಿ ಮತ್ತೆ ಕುಂಚ ಹಿಡಿದರು. 1988ರಲ್ಲಿ ತೀರಿಕೊಳ್ಳುವವರೆಗೂ ಬಯಲಲ್ಲಿ ಈಸಲ್ ಹೂಡಿ ಬೆಂಗಳೂರಿನ ಹೂ ಮರಗಳನ್ನು ಬರೆದರು. ಗುಲ್‌ಮೊಹರ್ ಅರಳಿದ ಬೀದಿ, ಕಬ್ಬನ್ ಪಾರ್ಕು, ಲಾಲ್‌ಬಾಗು. ಬಣ್ಣವನ್ನು ಎಷ್ಟು ದಪ್ಪವಾಗಿ ಮೆತ್ತುತ್ತಿದ್ದರೆಂದರೆ ಹತ್ತಿರದಿಂದ ನೋಡಿದರೆ ಬರೀ ಗಂಟುಗಂಟು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮರ ಧಗ್ಗೆಂದು ಹೊತ್ತಿಕೊಳ್ಳುತ್ತದೆ. ರಸ್ತೆ ಅಗಲ ಮಾಡುವ ಭರದಲ್ಲಿ ಬೆಂಗಳೂರು ಕಳೆದುಕೊಂಡ ಎಷ್ಟೋ ಮರಗಳಿಗೆ ಇವತ್ತು ಅವರ ಕ್ಯಾನ್ವಾಸೇ ನೆಲೆ. ‘ಇಲ್ಲಿನ ಕಲೆ ಯಾವುದು’ ಎಂದು ಹುಡುಕುತ್ತಾ ಹೋಟೆಲಿನವರು ಬಂದರೆ ಮೊದಲು ಹೇಳಬೇಕಾದ ಹೆಸರು ರುಮಾಲೆ. ಅವರನ್ನು ಮೀರಿ ಈಗಿನವರನ್ನೂ ತೋರಿಸಬೇಕು, ಏಕೆಂದರೆ ನಾನು ಕೇಳುತ್ತಿರುವುದು ಬದುಕಿರುವವರಿಗೆ ಕೆಲಸ.

ಬದುಕಿರುವವರ ಕಲೆ ಎಂದಾಗ ಹೋಟೆಲಿನವರಿಗೆ ಸ್ವಲ್ಪ ಅಂಜಿಕೆ ಇದ್ದೇ ಇರುತ್ತದೆ. ಬಿದ್ರಿ ಹೂದಾನಿ, ಚಿತ್ತಾರ, ತೊಗಲುಗೊಂಬೆ ಇವು ಯಾರಿಗೂ ತೊಂದರೆ ಕೊಡುವುದಿಲ್ಲ ಎಂಬ ಧೈರ್ಯ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಶೀಲಾ ಗೌಡ ಅವರ ಕೆಲಸ ನೋಡಿ. ಸಗಣಿಯಲ್ಲಿ, ಕುಂಕುಮದಲ್ಲಿ, ಡಾಂಬರಿನ ಡ್ರಮ್ಮಿನ ತಗಡಿನಲ್ಲಿ ಕೃತಿ ಮಾಡಿದವರು. ದೃಷ್ಟಿಯಾಗಬಾರದೆಂದು ನಮ್ಮ ಲಾರಿ, ಆಟೋದವರು ಬಂಪರಿಗೆ ಕೂದಲಿನ ಹಗ್ಗ ಕಟ್ಟುತ್ತಾರಲ್ಲ, ಆ ಹಗ್ಗವನ್ನೇ ರಾಶಿರಾಶಿಯಾಗಿ ಹಾಯಿಸಿ, ಅದರಿಂದ ಕಾರಿನ ಬಂಪರುಗಳನ್ನು ತೂಗುಬಿಟ್ಟ ಕೃತಿಯೊಂದನ್ನು 2009ರಲ್ಲಿ ವೆನಿಸ್ ಬಿನಾಲೆಯಲ್ಲಿಟ್ಟರು. ಅದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಹೊಸಕೋಟೆ ಟೋಲಿನಲ್ಲಿ ನಿಂತರೆ ಆ ಹಗ್ಗ ಕಟ್ಟಿದ ಗಾಡಿಗಳು ಗಂಟೆಗೆ ನೂರು ಹಾಯುತ್ತವೆ. ಅದರ ಅರ್ಥ ಬಿಡಿಸಿ ಹೇಳಲು ನಮ್ಮ ಹುಡುಗರಿಗೆ ಯಾವ ಗೈಡೂ ಬೇಕಿಲ್ಲ. ಅದನ್ನು ನೋಡಲು ಲಂಡನ್ನಿಗೆ ಹೋಗಬೇಕು, ಅಷ್ಟೆ.

ಇನ್ನು ಕಲಾವಿದರಿಗೆ ಎರಡು ಮಾತು. ದೊಡ್ಡ ಗೋಡೆ ಸಿಕ್ಕಿತೆಂದು ಹಿಗ್ಗುವ ಮೊದಲು ಟ್ರಿನಿಡಾಡಿನ ಕತೆ ಕೇಳಿ. ಟ್ರಿನಿಡಾಡ್ 1962ರಲ್ಲಿ ಸ್ವತಂತ್ರವಾಯಿತು. ಅದರ ಧ್ವಜ, ಲಾಂಛನ ರೂಪಿಸಿದವರಲ್ಲಿ ಒಬ್ಬರಾದ ಕಾರ್ಲೈಲ್ ಚಾಂಗ್, ಪಿಯಾರ್ಕೊ ವಿಮಾನ ನಿಲ್ದಾಣದ ಗೋಡೆಗೆ ‘ಮಾನವನ ಸಹಜ ಘನತೆ’ ಎಂಬ ಅರ್ಥದ ಹೆಸರಿನ ಒಂದು ಭಾರಿ ಭಿತ್ತಿಚಿತ್ರ ಬರೆದರು. ಹೊಸ ದೇಶಕ್ಕೆ ಬಂದಿಳಿಯುವವರನ್ನು ಎದುರುಗೊಳ್ಳಲೆಂದು ಬರೆದದ್ದು. ಇಪ್ಪತ್ತು ವರ್ಷವೂ ಬಾಳಲಿಲ್ಲ. 1970ರ ದಶಕದ ಕೊನೆಗೆ ನಿಲ್ದಾಣ ವಿಸ್ತರಣೆಗೆಂದು ಗೋಡೆಯನ್ನೇ ಕೆಡವಿದರು, ಚಿತ್ರವೂ ಹೋಯಿತು. ಚಾಂಗ್ 2001ರವರೆಗೂ ಬದುಕಿದ್ದರು. ಪಕ್ಕದ ಗಯಾನಾದಲ್ಲಿ ಆಬ್ರಿ ವಿಲಿಯಮ್ಸ್ 1970ರಲ್ಲಿ ಅಲ್ಲಿನ ವಿಮಾನ ನಿಲ್ದಾಣಕ್ಕೆ, ಆ ನೆಲದ ಆದಿವಾಸಿಗಳು ಬಂಡೆಗಳ ಮೇಲೆ ಕೊರೆದ ರೇಖೆಗಳಿಂದ ಪ್ರೇರಣೆ ಪಡೆದು ಭಿತ್ತಿಚಿತ್ರಗಳನ್ನು ಬರೆದರು. ಆ ನಿಲ್ದಾಣಕ್ಕೆ ಈಗ ಇರುವುದು ಭಾರತದಿಂದ ಹೋದ ಕೂಲಿಗಳ ವಂಶದ ಛೇದಿ ಜಗನ್ ಅವರ ಹೆಸರು.

ನಮ್ಮ ದೇಶವೇನೂ ಕಡಿಮೆಯಿಲ್ಲ. ದೆಹಲಿಯ ವಿಜ್ಞಾನ ಭವನದ ಲಾಬಿಗೆ ಅಮರ್‌ನಾಥ್ ಸೆಹಗಲ್ 140 ಅಡಿ ಉದ್ದ, 40 ಅಡಿ ಎತ್ತರದ ಕಂಚಿನ ಭಿತ್ತಿಶಿಲ್ಪ ಮಾಡಿದರು. ಮುಗಿದದ್ದು 1962ರಲ್ಲಿ. 1979ರಲ್ಲಿ ಅವರಿಗೆ ಒಂದು ಮಾತೂ ಹೇಳದೆ ಕಿತ್ತು ಗೋದಾಮಿಗೆ ಹಾಕಿದರು, ತುಂಡುಗಳು ಕಳೆದವು. ಸೆಹಗಲ್ ಕೋರ್ಟಿಗೆ ಹೋದರು. 2005ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟು, ಉಳಿದ ಭಾಗವನ್ನು ಅವರಿಗೆ ಹಿಂದಿರುಗಿಸಬೇಕು, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ತೀರ್ಪಿತ್ತಿತು. ಆಧಾರ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮು. ಕೃತಿ ಮಾರಿದ ಮೇಲೂ ‘ಇದು ನನ್ನದು’ ಎಂದು ಹೇಳುವ, ಅದನ್ನು ತನ್ನ ಹೆಸರಿಗೆ ಕುಂದು ಬರುವಂತೆ ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕು ಕಲಾವಿದನಲ್ಲೇ ಉಳಿಯುತ್ತದೆ. ಹಾಗೆಂದು ಹೆಚ್ಚು ನೆಚ್ಚಬೇಡಿ. ಕೃತಿಯನ್ನು ಪ್ರದರ್ಶಿಸದೆ ಇಟ್ಟರೆ ಅದು ತಪ್ಪಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಇನ್ನೊಂದು, ಬಹಳ ಜನ ಗಮನಿಸದ ಸಂಗತಿ. ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಕರಾರು ಇಲ್ಲದಿದ್ದರೆ, 17ನೆಯ ಕಲಮಿನ ಪ್ರಕಾರ ಬರೆಸಿದವರಿಗೇ ಸೇರುತ್ತದೆ. ನಿಮ್ಮ ಚಿತ್ರವನ್ನು ಅವರು ಮೆನು ಕಾರ್ಡಿಗೆ ಅಚ್ಚುಹಾಕಬಹುದು, ಮುನ್ನೂರು ಕೋಣೆಗೆ ಮುನ್ನೂರು ಪ್ರಿಂಟು ತೆಗೆಯಬಹುದು. ಆದ್ದರಿಂದ ಮುಂಗಡ ಕೈಗೆ ಬರುವ ಮೊದಲೇ ಕರಾರು ಬರೆಸಿಕೊಳ್ಳಿ. ಕೃತಿಸ್ವಾಮ್ಯ ಯಾರದು, ಫಲಕದಲ್ಲಿ ಹೆಸರು ಹೇಗೆ, ಕಟ್ಟಡ ಬದಲಾದರೆ ಕೃತಿಗೆ ಏನು ಗತಿ, ಮೂರನ್ನೂ ಬರೆಸಿ. ಸಂಕೋಚ ಬೇಡ, ಹೋಟೆಲಿನವರು ಟವೆಲಿಗೂ ಕರಾರು ಮಾಡಿಕೊಳ್ಳುತ್ತಾರೆ.

ಕೊನೆಗೆ ಈ ಸಭೆ ಕೂಡಿದ ಕಾರಣಕ್ಕೇ ಬರುತ್ತೇನೆ. ಒಂದು ಕುಟುಂಬ ತಮ್ಮ ಹಿರಿಯರ ನೆನಪಿಗೆ ಇಷ್ಟು ಹಣವನ್ನು ಬ್ಯಾಂಕಿನಲ್ಲಿಟ್ಟಿತು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತಿದೆ. ಅಸಲು ಅಲ್ಲಾಡುವುದಿಲ್ಲ, ಮಾತು ನಿಲ್ಲುವುದಿಲ್ಲ. ದೇವನಹಳ್ಳಿಯ ಒಂದು ದೊಡ್ಡ ಹೋಟೆಲು ತನ್ನ ಒಂದು ವಾರಾಂತ್ಯದ ಮದುವೆಯ ಆದಾಯವನ್ನು ಹೀಗೆ ದತ್ತಿಯಾಗಿಟ್ಟರೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಕೃತಿಯನ್ನು ಈ ಜಿಲ್ಲೆಯ ಕಲಾವಿದರಿಂದ ಕೊಳ್ಳಬಹುದು. ಹೋಟೆಲು ಮಾರಾಟವಾದರೂ ದತ್ತಿ ಉಳಿಯುತ್ತದೆ. ಕೃತಿಗಳ ಪಟ್ಟಿಯ ಒಂದು ಪ್ರತಿ ಜಿಲ್ಲಾಡಳಿತ ಭವನದಲ್ಲಿರಲಿ. ವರ್ಷಕ್ಕೆ ಒಂದು ದಿನ, ಅತಿಥಿಗಳು ಕಡಿಮೆ ಇರುವ ವಾರದ ನಡುವಿನ ಒಂದು ಬೆಳಿಗ್ಗೆ, ಸುತ್ತಲಿನ ಸರ್ಕಾರಿ ಶಾಲೆಯ ಮಕ್ಕಳಿಗೆ ಲಾಬಿಯ ಬಾಗಿಲು ತೆರೆಯಲಿ. ಮಕ್ಕಳ ಚಪ್ಪಲಿಯ ಮಣ್ಣು ಅಮೃತಶಿಲೆಯ ಮೇಲೆ ಬೀಳುತ್ತದೆ, ನಿಜ. ಒರೆಸಿದರೆ ಹೋಗುತ್ತದೆ.

ಈ ಸಭೆಯಲ್ಲಿ ಹೋಟೆಲು ನಡೆಸುವವರೂ ಕೆಲವರು ಇದ್ದೀರಿ, ದರ್ಶಿನಿಯವರಿಂದ ಹಿಡಿದು ರೆಸಾರ್ಟಿನವರವರೆಗೆ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಸಲ ಗೋಡೆಗೆ ಚಿತ್ರ ಬೇಕಾದಾಗ ಮೊದಲು ನಾಲ್ಕು ತಾಲ್ಲೂಕಿನಲ್ಲಿ ವಿಚಾರಿಸಿ, ಬರೆದವರ ಹೆಸರನ್ನು ಕನ್ನಡದಲ್ಲಿ ಫಲಕಕ್ಕೆ ಹಾಕಿಸಿ, ಕರಾರಿನ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ.